ಹಾಯ್ಟನ ಗಾಡಿಯ ಹಳದಿ ಪ್ಲೇಟು

ಹಾಯ್ಟ್ ಟಿಡ್‌ವೆಲ್ ಈಸ್ಟರ್ ಹಬ್ಬದ ಹಿಂದಿನ ವಾರ ತೀರಿಕೊಂಡ. ಅವನ ಪಿಕಪ್ ಗಾಡಿ ಉಳಿಯಿತು. ಗಾಡಿಯ ಹಿಂದೆ ಹಳದಿ ನಂಬರ್ ಪ್ಲೇಟು. ಮಕ್ಕಳು ಬಣ್ಣದ ಕಡ್ಡಿಯಲ್ಲಿ ಗೀಚಿದಂತೆ ಎರಡು ನಗುವ ಮುಖ, ಜೊತೆಗೆ 'ಜೀವವನ್ನೇ ಆರಿಸಿ' ಎಂಬ ಮಾತು. ಬಸಿರು ತೆಗೆಸಬಾರದು ಎನ್ನುವವರು ಹೆಚ್ಚು ದುಡ್ಡು ಕೊಟ್ಟು ಹಾಕಿಸುವ ಪ್ಲೇಟು ಅದು. ಅಲಬಾಮಾದಲ್ಲಿ ಮನೆತನದ ಹೆಸರಿನ ಮೊದಲ ಅಕ್ಷರ ನೋಡಿ ಪ್ಲೇಟು ಹೊಸದು ಮಾಡಿಸುವ ತಿಂಗಳು ಬರುತ್ತದೆ. ಟಿಡ್‌ವೆಲ್ಲರದು ಸೆಪ್ಟೆಂಬರು. ಗಾಡಿ ಈಗ ಹೆಂಡತಿ ನೋವಾಲೀನಳ ಹೆಸರಿಗೆ ಆಗಬೇಕು. ಅದೇ ಪ್ಲೇಟು ಇರಬೇಕೋ ಬೇಡವೋ, ಅವಳೇ ಹೇಳಬೇಕು.

ಮೊದಲ ಸಲ ಹಾಕಿಸುವಾಗ ಅವಳನ್ನು ಯಾರೂ ಕೇಳಿರಲಿಲ್ಲ. ಹಾಯ್ಟನೂ ಕೇಳಿರಲಿಲ್ಲ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅವನನ್ನು ಹೆತ್ತು ಬೇರೆಯವರ ಮಡಿಲಿಗೆ ಹಾಕಿದ್ದಳು. ಅವಳ ಮುಖ ಅವನು ನೋಡಲೇ ಇಲ್ಲ. "ಅವ್ಳು ನನ್ನ ಕೊಟ್ಟುಬಿಟ್ಳು, ಆದ್ರೆ ತೆಗೆಸ್ಲಿಲ್ಲ" ಎನ್ನುತ್ತಿದ್ದ. ಪ್ಲೇಟು ಎಂದರೆ ಅವಳಿಗೆ ಅವನು ಹೇಳುವ ಥ್ಯಾಂಕ್ಸು.

ನೋವಾಲೀನಳಿಗೆ ಇದು ಗೊತ್ತಿತ್ತು. ಆದರೆ ಅವಳದೂ ಒಂದಿತ್ತು. ಮದುವೆಯಾದ ಹೊಸದರಲ್ಲಿ ಬಸಿರಾದಳು. ಗುಂಡಿಗೆ ತಡೆಯುವುದಿಲ್ಲ, ಇಟ್ಟುಕೊಂಡರೆ ನೀನೇ ಉಳಿಯುವುದಿಲ್ಲ ಎಂದರು ಡಾಕ್ಟರು. ಈಗಿನಂತೆ ಆಗ ಅದಕ್ಕೆ ಕಾನೂನಿನ ತಡೆ ಇರಲಿಲ್ಲ; ಬರ್ಮಿಂಗ್‌ಹ್ಯಾಮಿಗೆ ಹೋಗಿ ತೆಗೆಸಿಕೊಂಡು ಬಂದರು. ಗಾಡಿ ಓಡಿಸಿದವನು ಹಾಯ್ಟೇ. ದಾರಿಯುದ್ದಕ್ಕೂ ಅವಳ ಕೈ ಹಿಡಿದಿದ್ದ. ಆಮೇಲೆ ಇಬ್ಬರೂ ಅದರ ಮಾತೆತ್ತಲಿಲ್ಲ. ಎಷ್ಟೋ ವರ್ಷದ ಮೇಲೆ ಪ್ಲೇಟು ಬಂತು. ಆಗಲೂ ಅವಳು ಬಾಯಿ ಬಿಡಲಿಲ್ಲ. ಮುಂದೆ ಕೂತವಳಿಗೆ ಹಿಂದಿನದು ಕಾಣುವುದಿಲ್ಲ. ಹಾಗೇ ದಿನ ಕಳೆಯಿತು. ದಾಟಿ ಹೋಗುವವರು ಪ್ಲೇಟು ನೋಡಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಹಾಯ್ಟ್ ಕೈಯೆತ್ತುತ್ತಿದ್ದ. ಬರುಬರುತ್ತ ಅವಳೂ ಎತ್ತತೊಡಗಿದಳು.

ಹಾಯ್ಟ್ ಸತ್ತಾಗ ಊರವರು ಊಟ ತಂದುಕೊಟ್ಟಿದ್ದರು. ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ತೊಳೆದು ಅವರವರ ಮನೆಗೆ ಮುಟ್ಟಿಸಬೇಕು. ನೋವಾಲೀನಳಿಗೆ ಬೇಸಿಗೆಯೆಲ್ಲ ಕೈಕಾಲು ಆಡಲಿಲ್ಲ. ಕೊನೆಗೆ ಉಳಿದದ್ದು ರಸ್ತೆಯ ತುದಿಯ ಮನೆಯವರ ಗಾಜಿನ ಪಾತ್ರೆ. ಹಿಡಿದುಕೊಂಡು ನಡೆದೇ ಹೋದಳು. ಬಾಗಿಲು ತೆಗೆದವಳು ಆ ಮನೆಯ ಮಗಳು ಟೆಸ್. ಮುಖ ಸುಣ್ಣದ ಹಾಗಿತ್ತು.

"ಏನಾಯ್ತೇ ಹುಡುಗಿ?"

"ಹೊಟ್ಟೇಲಿದ್ದದ್ದು ಹೋಯ್ತು, ಮಿಸ್ ನೋವಾಲೀನ್. ಹೋದ ವಾರ."

ಮಧ್ಯಾಹ್ನ ಒಬ್ಬಳೇ ಇದ್ದಾಗ ರಕ್ತ ಶುರುವಾಯಿತಂತೆ. ಅಮ್ಮ ಕೆಲಸದಲ್ಲಿ, ಫೋನಿಗೆ ಸಿಗಲಿಲ್ಲ. ಕ್ರಾಸಿನ ಪೆಟ್ರೋಲ್ ಬಂಕಿನವರೆಗೆ ನಡೆದು, ಅಲ್ಲಿ ಯಾರನ್ನೋ ಕೇಳಿಕೊಂಡು ಆಸ್ಪತ್ರೆ ಸೇರಿದಳಂತೆ.

"ಬಂಕಿನ ತನಕ? ನನ್ನ ಮನೆ ದಾಟ್ಕೊಂಡು? ನಾನು ಮನೇಲೇ ಇದ್ನಲ್ಲೇ!"

ಟೆಸ್ ನೆಲ ನೋಡಿದಳು. "ನಿಮ್ಮ ಮೆಟ್ಟಿಲ ತನಕ ಬಂದೆ. ಅಲ್ಲಿ ಗಾಡಿ ನಿಂತಿತ್ತು. ಆ ಪ್ಲೇಟು ನೋಡಿ ಹೆದರಿಕೆ ಆಯ್ತು. ನಾನೇ ಏನೋ ಮಾಡ್ಕೊಂಡಿದೀನಿ ಅಂತ ಪೊಲೀಸರಿಗೆ ಹೇಳ್ಬಿಟ್ರೆ?"

"ಥೂ, ನಾನು ಹಂಗೆ ಕಾಣ್ತೀನೇನೇ?"

"ನೀವೆಲ್ಲಿ ಕಂಡ್ರಿ? ಪ್ಲೇಟು ಕಾಣ್ತು."

ನೋವಾಲೀನ್ ಪಾತ್ರೆ ಕೊಟ್ಟು ಬಂದಳು. ಮನೆಯ ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದ ಪ್ಲೇಟು ಚೆನ್ನಾಗಿ ಕಾಣುತ್ತಿತ್ತು. ಹಾಯ್ಟ್ ಇದ್ದಿದ್ದರೆ ಆ ಹುಡುಗಿಯನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡುತ್ತಿದ್ದ. ಅದು ಪ್ಲೇಟಿನಲ್ಲಿ ಎಲ್ಲಿ ಬರೆದಿತ್ತು?

ಮರುದಿನ ಪ್ಲೇಟು ಮಾಡಿಸುವ ಕಚೇರಿಗೆ ಹೋದಳು. ಸಾಲಿನಲ್ಲಿ ಅವಳ ಹಿಂದೆ ಚರ್ಚಿನ ಗ್ಲೆಂಡಾ ನಿಂತಿದ್ದಳು.

"ಅದೇ ಮಕ್ಕಳ ಪ್ಲೇಟು ತಾನೇ, ಮ್ಯಾಮ್?" ಎಂದಳು ಕಿಟಕಿಯ ಹುಡುಗಿ.

"ಅದನ್ನೂ ಕೇಳ್ತಾರೇನಮ್ಮ?" ಎಂದಳು ಗ್ಲೆಂಡಾ. "ಬ್ರದರ್ ಹಾಯ್ಟ್ ಹಲ್ಲುಸೆಟ್ಟು ಮರೆತು ಬರ್ತಿದ್ರು, ಆ ಪ್ಲೇಟು ತೊಳೆಯೋದು ಮರೀತಿರ್ಲಿಲ್ಲ."

ನೋವಾಲೀನಳಿಗೆ ನಗು ಬಂತು. ಅಳುವೂ ಬಂತು. "ಸಾದಾದು ಕೊಡಮ್ಮ," ಎಂದಳು. "ಎಲ್ಲರ ಗಾಡೀಲೂ ಇರತ್ತಲ್ಲ, ಅಂಥದ್ದು."

"ಸಿಸ್ಟರ್! ಅವರು ಹೋಗಿ ವರ್ಷ ಆಗಿಲ್ಲ!"

"ಅವ್ನು ಹೇಳೋದು ಅವ್ನು ಹೇಳಿ ಹೋದ, ಗ್ಲೆಂಡಾ. ಗಾಡಿ ಈಗ ನಾನು ಓಡಿಸೋದು. ನನ್ನ ಬಾಗಿಲು ಬಡಿಯೋಕೆ ಯಾರೂ ಹೆದರಬಾರ್ದು."

ಗ್ಲೆಂಡಾ ಮುಖ ತಿರುಗಿಸಿದಳು. ಬರುವ ಭಾನುವಾರ ಚರ್ಚಿನಲ್ಲಿ ತನ್ನ ಪಕ್ಕ ಯಾರು ಕೂರುತ್ತಾರೋ, ನೋವಾಲೀನಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಹಳೆಯದನ್ನು ಬಿಚ್ಚಲು ಹೋದರೆ ಬೋಲ್ಟು ಅಲುಗಲಿಲ್ಲ. ಹಾಯ್ಟ್ ಬಿಗಿ ಮಾಡಿದ್ದು ಹಾಗೆ. ಅವನದೇ ಸ್ಪ್ಯಾನರು ಹಾಕಿ, ಅವನನ್ನು ಬೈಯುತ್ತ, ಅಳುತ್ತ ತಿರುಗಿಸಿದಳು. ಪ್ಲೇಟನ್ನು ಏಪ್ರನ್ನಿನಲ್ಲಿ ಒರೆಸಿ ಅವನ ಸಾಮಾನಿನ ಪೆಟ್ಟಿಗೆಯಲ್ಲಿಟ್ಟಳು. ಬಿಸಾಡಲು ಮನಸ್ಸಾಗಲಿಲ್ಲ.

ಶುಕ್ರವಾರ ಟೆಸ್ ಮತ್ತೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ನೋವಾಲೀನ್ ಕರೆದುಕೊಂಡು ಹೊರಟಳು. ಹೆದ್ದಾರಿಯಲ್ಲಿ ಹಿಂದಿನಿಂದ ಒಂದು ಪಿಕಪ್ ಬಂದು ದಾಟಿತು. ನೋವಾಲೀನಳ ಕೈ ತಾನೇ ಮೇಲೆದ್ದಿತು. ಹಾರ್ನ್ ಕೇಳಲಿಲ್ಲ. ಕೈ ಇಳಿಸಿದಳು.

"ಯಾರದು, ಗೊತ್ತಿರೋರಾ?" ಎಂದಳು ಟೆಸ್.

"ಅಲ್ಲ. ಹಾಯ್ಟನ ಅಭ್ಯಾಸ."

ಬರ್ಮಿಂಗ್‌ಹ್ಯಾಮಿನ ದಾರಿ ತೋರಿಸುವ ಬೋರ್ಡು ದಾಟಿದರು. ಆಮೇಲೆ, "ಇಲ್ಲಿ ಕೇಳು ಟೆಸ್," ಎಂದಳು. "ನಾನೂ ಒಂದ್ಸಲ ಈ ದಾರೀಲಿ ಹೋಗಿದ್ದೆ. ಅವ್ನೇ ಕರ್ಕೊಂಡು ಹೋಗಿದ್ದ."