ಕಂದಿಕೆರೆ ಅಟ್ಟದ ಸ್ಪ್ಯಾನಿಶ್

ತಿಪಟೂರು ಸ್ಟೇಷನ್ನಿನಲ್ಲಿ ಲೂಸಿಯಾ ಅವರನ್ನು ಇಳಿಸಿಕೊಂಡು ಶಿವಣ್ಣ ಮಾವನೂ ನಾನೂ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದೆವು. ಮೆಕ್ಸಿಕೋದಲ್ಲಿ ಆಕೆಗೆ ಮಿಠಾಯಿ ಅಂಗಡಿ. ಮಾವನ ಉಂಡೆ ಕೊಬ್ಬರಿ ಮೆಚ್ಚಿದರೆ ವರ್ಷವರ್ಷವೂ ಕೊಳ್ಳುವ ಮಾತಿತ್ತು. ಬರಬೇಕಿದ್ದ ದುಭಾಷಿಗೆ ಜ್ವರ ಬಂದು, ಕೆಲವು ತಿಂಗಳು ಸ್ಪ್ಯಾನಿಶ್ ತರಗತಿಗೆ ಹೋಗಿದ್ದ ನನ್ನನ್ನು ಎಳೆತಂದಿದ್ದರು. ಅಲ್ಲಿ ನಾನು ಚೆನ್ನಾಗಿ ಕಲಿತದ್ದು ಮೇಷ್ಟ್ರ ಕೆಮ್ಮು.

"ಮಾತು ಬತ್ತದೇನ್ಲಾ?" ಎಂದರು ಮಾವ.

"ನಾನಾಡೋದು ಬತ್ತದೆ ಮಾವ. ಅವರಾಡೋದು ತಿಳೀಬೇಕಷ್ಟೆ."

ಅಲ್ಲಿ ಮಾವನ ಊರು ಕಂದಿಕೆರೆಯ ಬಸ್ಸು ಹಿಡಿಯುವ ಮುನ್ನ ತಟ್ಟೆ ಇಡ್ಲಿ ತಿಂದೆವು. ಖಾರದ ಚಟ್ನಿಯನ್ನು ಲೂಸಿಯಾ ಎರಡು ಸಲ ಹಾಕಿಸಿಕೊಂಡರು. ಕಣ್ಣೀರು ಬಂದದ್ದು ನನಗೆ. ಆಕೆ ಬಿಸಿಲು ತೋರಿಸಿ "ಸೋಲ್" ಎಂದಾಗ ಮೇಷ್ಟ್ರ ಉಪಾಯ ನೆನಪಾಯಿತು: ಸ್ಪ್ಯಾನಿಶ್ ಪದಗಳೆಲ್ಲ ಲ್ಯಾಟಿನ್ ಅಜ್ಜಿಯ ಮೊಮ್ಮಕ್ಕಳು; ಒಂದರ ಗುರುತು ಸಿಗದಿದ್ದರೆ ಇಂಗ್ಲಿಷ್ ಮನೆಯಲ್ಲಿರುವ ಅದರ ನೆಂಟ ಪದವನ್ನು ಹುಡುಕು. ಸೋಲ್, ನಮ್ಮ ಸೋಲಾರ್. ಧೈರ್ಯ ಬಂತು.

ಕಂದಿಕೆರೆಯ ಮನೆಯಲ್ಲಿ ಆ ಧೈರ್ಯ ಉಳಿಯಲಿಲ್ಲ. ಅಟ್ಟ ಹತ್ತಿದ ಮಾವ ಗಾಬರಿಯಲ್ಲಿ ಹಳೆಯದರ ಬದಲು ಹೊಸ ರಾಶಿಯ ಕಾಯಿ ತಂದು ಸುಲಿದು ಒಡೆದೇಬಿಟ್ಟರು. ನೀರು ಚೆಲ್ಲಿತು. ಲೂಸಿಯಾ ಮುಖ ಸಪ್ಪಗಾಯಿತು.

"ನೋ ಎಸ್ತಾ ಸೆಕೊ."

"ಏನಂತಾರ್ಲಾ?"

ಸೆಕೊ... ಡೆಸಿಕೇಟೆಡ್! ಕಾಯಿಪುಡಿ ಫ್ಯಾಕ್ಟರಿಗಳ ನಮ್ಮ ಕಡೆ ಮಕ್ಕಳಿಗೂ ಬರುವ ಮಾತು. ಎರಡಕ್ಕೂ ಅಜ್ಜಿ ಲ್ಯಾಟಿನ್ನಿನ 'ಸಿಕ್ಕುಸ್'; ಒಣಗಿದ್ದು ಎಂದರ್ಥ.

"ಒಣಗಿಲ್ಲ ಅಂತಾರೆ ಮಾವ."

"ಇದು ಮೊನ್ನೆ ಹಾಕಿದ್ದು ಕಣ್ಲಾ. ಅಟ್ಟದ ಮೇಲೆ ವರ್ಷ ಮಲಗ್ಬೇಕು ಅಂತ ಹೇಳು."

ಈಗ ಅದೇ ದಾರಿಯಲ್ಲಿ ಹಿಂದುಮುಂದಾಗಿ, ಇಂಗ್ಲಿಷಿನಿಂದ ಸ್ಪ್ಯಾನಿಶಿಗೆ ನಡೆದೆ. ವರ್ಷಕ್ಕೆ ಆನ್ಯುಯಲ್ ಪರೀಕ್ಷೆ, ಅಲ್ಲಿಂದ 'ಆನ್ಯೊ'. ಮಲಗಲು ಹಾಸ್ಟೆಲ್ ಡಾರ್ಮಿಟರಿ, ಅಲ್ಲಿಂದ 'ದೊರ್ಮಿರ್'. ಕಾಯಿ ತೋರಿಸಿ ಎರಡನ್ನೂ ಹೇಳಿ, ಕೆನ್ನೆಗೆ ಕೈಯಿಟ್ಟು ಮಾವನ ಹಾಗೆಯೇ ಗೊರಕೆ ಹೊಡೆದೆ. ಲೂಸಿಯಾ ಜೋರಾಗಿ ನಕ್ಕರು.

ಮಾವ ಹಳೆಯ ರಾಶಿಯಿಂದ ಒಂದನ್ನು ತಂದು ಆಕೆಯ ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಗಡಗಡ ಸದ್ದು. ಚಿಪ್ಪು ಬಿಡಿಸಿದರೆ ಉಂಡೆ ಇಡಿಯಾಗಿ ಬಂತು. ಆಕೆ ಒಂದು ಚೂರು ಅಗಿದು, ಕಣ್ಣುಮುಚ್ಚಿ, "ಸೀ" ಎಂದರು.

"ಏನಂದ್ರು?"

"ಹೂಂ ಅಂದ್ರು ಮಾವ."

ಮಾವ ಅಲ್ಲೇ ಏಣಿಯ ಮೆಟ್ಟಿಲ ಮೇಲೆ ಕುಸಿದು ಕೂತರು. "ನನ್ನ ಗೊರಕೆ ಹಂಗಿದ್ದದೇನ್ಲಾ?" ಎಂದು ಕೇಳಿದ್ದು ಆಮೇಲೆ.

ಸಂಜೆ ತಿಪಟೂರಿಗೆ ಮರಳುವ ಬಸ್ಸಿನಲ್ಲಿ ಆ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿತು. ಹಿಂದಿನ ರಾತ್ರಿಯೆಲ್ಲ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದ ಮಾವ ಕಿಟಕಿಗೆ ಒರಗಿ ಗೊರಕೆ ಹೊಡೆಯುತ್ತ, ನನ್ನ ಅಣಕ ಎಷ್ಟು ಕಳಪೆಯೆಂದು ತೋರಿಸುತ್ತಿದ್ದರು. ಎಬ್ಬಿಸಲು ಕೈ ಚಾಚಿದೆ. ಲೂಸಿಯಾ ನನ್ನ ಕೈ ಹಿಡಿದು ತಡೆದರು. ಮಾವನನ್ನು ತೋರಿಸಿ, ನನ್ನ ಹಾಗೆಯೇ ಕೆನ್ನೆಗೆ ಕೈಯಿಟ್ಟು, ಒಂದು ಬೆರಳೆತ್ತಿ ಮೆಲ್ಲಗೆ ಹೇಳಿದರು:

"ಉನ್ ಆನ್ಯೊ."