ರಾಣಿ ತಂದ ಕಾಗದ

ಸುರೇಬಾನದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮಾಲಾ ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು; ಊರಿನವರು ಟೀಚರನ್ನು ಕರೆಯುವ ಹಾಗೆ ಅವಳೂ ಎಲ್ಲರಿಗೂ ‘ಅಕ್ಕಾರು’. ಬೆಳಿಗ್ಗೆ ರಾಮದುರ್ಗದಿಂದ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ಅವಳ ಪಾಠ ಬಿಸಿಯೂಟ ಆದ ಮೇಲೆ. ಒಂಬತ್ತನೇ ತರಗತಿಯ ನಲವತ್ತೆರಡು ಮಕ್ಕಳಲ್ಲಿ ಅರ್ಧದಷ್ಟು ತೂಕಡಿಸುತ್ತಿದ್ದವು. ಉಳಿದವು ಇಂಗ್ಲಿಷ್ ಸಾಲುಗಳ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಂಡು ಅದನ್ನೇ ಗುನುಗುತ್ತಿದ್ದವು. ಒಮ್ಮೆ ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ಒಂದು ಬೆಂಚಿನ ಐದೂ ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ‘ಮೈ ನೇಮ್ ಈಸ್ ಮಧು’ ಎಂದಿದ್ದರು. ಪುಸ್ತಕದಲ್ಲಿ ಹಾಗೇ ಇತ್ತು. ಇದನ್ನು ಕೇಳಿ ಉಳಿದ ಶಿಕ್ಷಕರು ನಕ್ಕರು. ಮಾಲಾಗೆ ನಗು ಬರಲಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಅವಳು ಪುಸ್ತಕ ಮುಚ್ಚಿಟ್ಟು ಹೇಳಿದಳು: “ಮನ್ಯಾಗ ಇಂಗ್ಲಿಷ್ ಇರೋ ಚೀಟಿ, ಡಬ್ಬಿ, ಏನರ ಇದ್ರ ತರ್ರಿ. ಅದನ್ನ ಓದೂಣು.”

ಮರುದಿನ ಮೇಜು ತುಂಬಿತು. ಬೀಜದ ಚೀಲ, ಪಂಪ್‌ಸೆಟ್ಟಿನ ವಾರಂಟಿ ಕಾರ್ಡು, ಟೂತ್‌ಪೇಸ್ಟಿನ ಪೆಟ್ಟಿಗೆ, ಕೀಟನಾಶಕದ ಡಬ್ಬಿ. ಉದ್ದ ಶಬ್ದವನ್ನು ತುಂಡು ಮಾಡಿ ಓದುವುದನ್ನು ಮಾಲಾ ಕಲಿಸಿದಳು. ಗ್ರಂಥಾಲಯದ ಕಪಾಟಿನಿಂದ ನಿಘಂಟು ತೆಗೆಸಿ, ಅದರಲ್ಲಿ ಅರ್ಥ ಹುಡುಕುವುದನ್ನೂ ಕಲಿಸಿದಳು. ಎರಡು ತಿಂಗಳಿಗೆ ತೂಕಡಿಕೆ ನಿಂತುಹೋಯಿತು. ಹಿಂದಿನ ಬೆಂಚಿನಲ್ಲಿ ಬಾಯಿಯೇ ಬಿಡದೆ ಕೂರುತ್ತಿದ್ದ ರಾಣಿ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಕೈ ಎತ್ತತೊಡಗಿದಳು.

ದಸರಾ ರಜೆ ಮುಗಿದ ಮೊದಲ ದಿನ ರಾಣಿ ಒಂದು ಕಾಗದ ತಂದಳು. “ಅಕ್ಕಾರ, ಇದು ಪೂರ್ತಿ ಇಂಗ್ಲಿಷ್ ಐತ್ರಿ. ದೇವರ ಜಗಲಿ ಕೆಳಗ ಸಿಕ್ತು,” ಎಂದು ಹಿಗ್ಗಿನಿಂದ ಹೇಳಿ, ಎಲ್ಲರ ಮುಂದೆ ನಿಂತು ಓದತೊಡಗಿದಳು. ಮೊದಲು ತಾಯಿಯ ಹೆಸರು ಬಂತು, ಕೆಂಚವ್ವ. ಆಮೇಲೆ ವಯಸ್ಸು. ಮಾಲಾ ಹಾಜರಿ ಪುಸ್ತಕದಿಂದ ತಲೆ ಎತ್ತುವಷ್ಟರಲ್ಲಿ ರಾಣಿ ಒಂದು ದೊಡ್ಡ ಶಬ್ದಕ್ಕೆ ಬಂದು ತಡವರಿಸಿದಳು. “ಕಾರ್... ಸಿ... ನೋ... ಮಾ.”

“ಕಾರ್ ಸಿನೆಮಾ!” ಎಂದು ಯಾವನೋ ಕೂಗಿದ. ತರಗತಿಯೆಲ್ಲ ನಕ್ಕಿತು. ರಾಣಿಯೂ ನಕ್ಕಳು.

ಮಾಲಾ ಧಡಕ್ಕನೆ ಎದ್ದು ಕಾಗದ ಕಸಿದುಕೊಂಡಳು. “ಸಾಕು, ಕುಂಡ್ರು. ಇದು ಡಾಕ್ಟರ್ ಬರದದ್ದು, ನಮಗ ಬ್ಯಾಡ.” ಕಾಗದವನ್ನು ಮಡಚಿ ತನ್ನ ಚೀಲಕ್ಕೆ ಹಾಕಿದಳು. ನಗು ನಿಂತಿತು.

ಗಂಟೆ ಹೊಡೆದ ಮೇಲೆ ಹುಡುಗಿಗೆ ಹೇಗೆ ಹೇಳಬೇಕು, ತಂದೆಯನ್ನು ಮೊದಲು ಕರೆಸಬೇಕೋ ಎಂದು ಯೋಚಿಸುತ್ತ ಅವಳು ಹತ್ತು ನಿಮಿಷ ಕಳೆದಳು. ಆಮೇಲೆ ಹುಡುಕಿಕೊಂಡು ಹೋದರೆ ರಾಣಿ ಕಪಾಟಿನ ಮುಂದೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ನಿಘಂಟು ತೆರೆದಿತ್ತು, ಬೆರಳು ‘ಕ್ಯಾನ್ಸರ್’ ಎಂಬ ಅರ್ಥದ ಮೇಲಿತ್ತು. ಸ್ಪೆಲ್ಲಿಂಗ್ ಅವಳಿಗೆ ಬಾಯಿಪಾಠ ಆಗಿಹೋಗಿತ್ತು.

“ಹೊಟ್ಟ್ಯಾಗ ಹುಣ್ಣಾಗೈತಿ ಅಂತ ಅಪ್ಪ ಹೇಳ್ಯಾರ್ರಿ,” ಎಂದಳು ರಾಣಿ. “ಅವ್ವಗ ಇದು ಗೊತ್ತಿಲ್ರಿ ಅಕ್ಕಾರ.”

ಗೊತ್ತಾಗಲು ಕತ್ತಲಾಗುವವರೆಗೂ ಬೇಕಾಗಲಿಲ್ಲ. ಉಳಿದ ನಲವತ್ತೊಂದು ಮಕ್ಕಳು ಆ ಶಬ್ದವನ್ನು ನಲವತ್ತೊಂದು ಮನೆಗೆ ಒಯ್ದಿದ್ದವು; ಓದು ಬಲ್ಲ ಯಾರೋ ಅದು ಕ್ಯಾನ್ಸರ್ ಎಂದು ಬಿಡಿಸಿ ಹೇಳಿದ್ದರು. ನೀರು ತರಲು ಹೋದ ಕೆಂಚವ್ವನಿಗೆ ನಳದ ಹತ್ತಿರದ ಹೆಂಗಸರೇ ಹೇಳಿದರು.

ಮರುದಿನ ರಾಣಿಯ ತಂದೆ ಮಡಿವಾಳೆಪ್ಪ ಬಂದು ತರಗತಿಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ, ಕೂಗಾಡಲೂ ಇಲ್ಲ. “ಪಾಠಾ ಮಾಡೂದು ಬಿಟ್ಟು ಮಂದಿ ಮನಿ ಕಾಗದ ನಿಮಗ್ಯಾಕ ಬೇಕಾಗಿತ್ರಿ? ಗುಣಾ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರ. ನಮ್ಮಾಕಿ ಏನೂ ಗೊತ್ತಿಲ್ದ ನಕ್ಕೋತ ಇದ್ಲು. ನಿನ್ನಿಯಿಂದ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ.”

ಅವತ್ತೇ ಹೆಡ್‌ಮಾಸ್ತರ ಗಂಗಯ್ಯನವರು ಮಾಲಾಳನ್ನು ಕರೆಸಿ, “ಪುಸ್ತಕಾ ಹಿಡ್ಕೊಂಡು ಹೋಗ್ರಿ ಮೇಡಂ, ಉಳಿದದ್ದೆಲ್ಲಾ ಸಾಕು,” ಎಂದರು.

ಎರಡು ದಿನ ಬಿಟ್ಟು ಅವಳು ಆ ಮನೆಗೆ ಹೋದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದಳು. ಕೆಂಚವ್ವ ಗೋಡೆ ಹಿಡಿದು ಎದ್ದು ಕೂತು, “ಆ ಕಾಗದ ನೀವ ಓದಿ ಹೇಳ್ರಿ ಅಕ್ಕಾರ. ಒಂದ ಅಕ್ಷರಾ ಬಿಡಬ್ಯಾಡ್ರಿ,” ಎಂದಳು. ಮಾಲಾ ಚೀಲದಿಂದ ಕಾಗದ ತೆಗೆದು, ಮೇಲಿನಿಂದ ಓದುತ್ತ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದಳು. ತಾರೀಕು ಬಂದಾಗ ಕೆಂಚವ್ವ ಕೈ ಎತ್ತಿ ತಡೆದಳು.

“ಶ್ರಾವಣದಾಗಿಂದು?”

“ಹೌದ್ರಿ.”

“ಮೂರ ತಿಂಗಳಾತು.” ಅವಳು ಬಾಗಿಲಲ್ಲಿ ನಿಂತ ಗಂಡನ ಕಡೆ ನೋಡಿದಳು. “ಅವು ನನ್ನ ದಿನಾ ಇದ್ದುವು. ಮುನವಳ್ಳ್ಯಾಗ ನಮ್ಮಕ್ಕನ ಕೂಡ ಮಾತ ಬಿಟ್ಟು ಒಂಬತ್ತ ವರ್ಷ ಆತು. ಗೊತ್ತಿದ್ರ ಆವಾಗ ನಡಕೊಂಡ ಹೋಗಿ ಬರ್ತಿದ್ನಿ. ಈಗ ಬಸ್ಸಿನ್ಯಾಗ ಕುಂಡ್ರಾಕೂ ಆಗೂದಿಲ್ಲ.” ಮಡಿವಾಳೆಪ್ಪ ತಲೆ ತಗ್ಗಿಸಿ ಅಂಗಳಕ್ಕೆ ಇಳಿದುಹೋದ.

ಆ ವಾರ ಅವನು ಮುನವಳ್ಳಿಗೆ ಹೋಗಿ ಹೆಂಡತಿಯ ಅಕ್ಕನನ್ನು ಕರೆತಂದ. ಅಕ್ಕ ಹನ್ನೆರಡು ದಿನ ತಂಗಿಯ ಹತ್ತಿರ ಇದ್ದಳು. ಮೊದಲ ನಾಲ್ಕು ದಿನ ಇಬ್ಬರೂ ಮಾತಾಡುತ್ತಿದ್ದರಂತೆ. ಆಮೇಲೆ ಕೆಂಚವ್ವನಿಗೆ ನೋವು ಹೆಚ್ಚಾಗಿ ಗುರುತು ಹತ್ತುವುದು ನಿಂತಿತು. ದೀಪಾವಳಿ ಆದ ಮೂರನೇ ವಾರ ಅವಳು ತೀರಿಕೊಂಡಳು.

ರಾಣಿ ಹದಿನೈದು ದಿನಕ್ಕೆ ಶಾಲೆಗೆ ಬಂದಳು. ಮಾಲಾ ಪುಸ್ತಕ ಹಿಡಿದು ಪಾಠ ಮಾಡುತ್ತಿದ್ದಳು, ಮಕ್ಕಳು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಅವಳು ರಾಣಿಯನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು, “ಕಾಗದ ತರ್ರಿ ಅಂತ ಹೇಳಿದಾಕಿ ನಾನವ್ವಾ. ತಪ್ಪು ನಂದು,” ಎಂದಳು.

“ನೀವು ಆವತ್ತ ಬ್ಯಾಡ ಅಂತ ಕಸಕೊಂಡ್ರಿ,” ಎಂದಳು ರಾಣಿ, ನೆಲ ನೋಡುತ್ತ. “ಏನಂತ ನೀವ ಹೇಳಬೇಕಾಗಿತ್ರಿ. ನಾನೊಬ್ಬಾಕೀನ ಓದಿಕೊಂಡ್ನಿ.”

ಮಾಲಾ ಅವಳ ಭುಜ ಮುಟ್ಟಲು ಹೋದಳು. ರಾಣಿ ಒಂದು ಹೆಜ್ಜೆ ಹಿಂದೆ ಸರಿದು, ಪಾಟಿಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.