ಹಂಡೆಯ ಪಕ್ಕ ನಿಂತು ಕಾಫಿ ಕುಡಿದವರು

ಈ ತಾಮ್ರದ ಹಂಡೆಗೆ ನಾನು ಕೊಟ್ಟದ್ದು ಎಂಟುನೂರ ಐವತ್ತು. ಮದರಾಸಿನ ಪುರಸೈವಾಕ್ಕಂನ ಪಾತ್ರೆ ಅಂಗಡಿಯವನು ಸಾವಿರದ ನೂರರಿಂದ ಶುರು ಮಾಡಿದ್ದ. ತಳ ಬಡಿದು ನೋಡಿ, ಬೆಸುಗೆಗೆ ಬೆರಳು ತಾಗಿಸಿ, ಎರಡು ಸಲ ಮೆಟ್ಟಿಲಿಳಿದು ಹೋದಂತೆ ಮಾಡಿ ಅಲ್ಲಿಗೆ ಇಳಿಸಿದೆ. ಮನೆಯಲ್ಲಿ ಗ್ಯಾಸ್ ಗೀಸರಿದೆ, ಹಂಡೆ ಯಾಕೆಂದು ಸೊಸೆ ಕೇಳಿದಳು. ಸೋರುವುದಿಲ್ಲವೆಂದು ತೋರಿಸಲು ಅಂಗಡಿಯವನು ಅದರೊಳಗೆ ಬಿಸಿನೀರು ಸುರಿದಾಗ ಎದ್ದ ಹಬೆಯ ವಾಸನೆಗಾಗಿ ಎಂದು ಅವಳಿಗೆ ಹೇಗೆ ಹೇಳುವುದು... ಬಿಸಿ ತಾಮ್ರದ ಆ ವಾಸನೆಯ ಪಕ್ಕದಲ್ಲಿ ನನ್ನ ನೆನಪಿನ ಒಬ್ಬ ಡಾಕ್ಟರು ನಿಂತಿದ್ದರು.

ಐವತ್ತರ ದಶಕದ ಮಾತು. ತ್ರಿಪ್ಲಿಕೇನಿನಲ್ಲಿ ನನ್ನದೊಂದು ಸಣ್ಣ ಹೋಟೆಲು. ಕುಂದಾಪುರದ ಕಡೆಯಿಂದ ಬಂದು, ಲೋಟ ತೊಳೆಯುವುದರಿಂದ ಹಿಡಿದು ಗಲ್ಲಾದ ತನಕ ಸ್ವಂತ ಕೈಯಿಂದ ಏರಿದವನು ನಾನು. ಡಾಕ್ಟರು ಮದರಾಸಿನಲ್ಲೇ ನೆಲೆನಿಂತ ವೈಷ್ಣವರ ಮನೆಯವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಕೆಲಸ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ. ಆಸ್ಪತ್ರೆಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಬರುತ್ತಿದ್ದರು. ಆದರೂ ಅವರು ಒಳಗೆ ಕಾಲಿಟ್ಟರೆ ಗಿರಾಕಿಗಳು "ಕಾಲರಾ ಡಾಕ್ಟರ್ ವಂದಾಚ್ಚು" ಎಂದು ಗೊಣಗಿ ಬೆಂಚಿನಿಂದ ಎದ್ದುಬಿಡುತ್ತಿದ್ದರು. ಅದನ್ನು ಕಂಡ ಮೇಲೆ ಅವರು ಹಿಂಬಾಗಿಲಿಗೇ ಬರತೊಡಗಿದರು. ಲೋಟ ಅವರದೇ. ತುಟಿ ತಾಗಿಸದೆ, ತಲೆ ಹಿಂದಕ್ಕೆ ಚೆಲ್ಲಿ, ಎತ್ತಿ ಕುಡಿಯುವವರು.

ಹಿಂಬಾಗಿಲ ಬಳಿಯೇ ಲೋಟ ತೊಳೆಯುವ ತೊಟ್ಟಿಯಿತ್ತು. ಬೆಳಿಗ್ಗೆ ತುಂಬಿಸಿದ ನೀರಿನಲ್ಲೇ ಎಲ್ಲ ಲೋಟಗಳೂ ಮುಳುಗಿ ಏಳುವುದು ಆಗಿನ ಎಷ್ಟೋ ಹೋಟೆಲುಗಳ ಪದ್ಧತಿ.

"ಏನ್ ಸ್ವಾಮಿ, ನಿಮ್ಮ ಗಿರಾಕಿಗಳಿಗೆ ನನ್ನ ಕಂಡ್ರೆ ಭಯ. ಈ ತೊಟ್ಟಿ ಕಂಡ್ರೆ ಭಯ ಇಲ್ಲ, ಪಾರುಂಗೋ, ನೋಡಿ" ಎಂದರು ಒಂದು ದಿನ.

"ಕುದಿನೀರು ಇಡುದಾದ್ರೆ ಸೌದೆ ಯಾರು ಕೊಡ್ತಾರೆ ಡಾಕ್ಟ್ರೆ?" ಎಂದೆ.

ಅವರು ನಕ್ಕರು. ತೊಟ್ಟಿ ಹಾಗೆಯೇ ಉಳಿಯಿತು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಡಾಕ್ಟರು ಇಡ್ಲಿಗೆ ಸಾಂಬಾರು ಅದ್ದಿ ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. "ಇದು ಭಟ್ಟರ ಕೈದಲ್ಲ. ಭಟ್ಟರು ಎಲ್ಲಿ?"

ಅಡುಗೆಯ ಭಟ್ಟರು ನನ್ನ ಊರಿನವರೇ. ಹಿಂದಿನ ರಾತ್ರಿಯಿಂದ ವಾಂತಿ, ಭೇದಿ. ಅಟ್ಟದ ಮೇಲೆ ಮಲಗಿದ್ದರು. ನಮ್ಮವರಲ್ಲಿ ಯಾರು ಕಾಯಿಲೆ ಬಿದ್ದರೂ ಆ ಸಂಜೆಯ ಮಂಗಳೂರು ಮೇಲ್ ರೈಲಿಗೆ ಹತ್ತಿಸಿ ಊರಿಗೆ ಕಳಿಸುವುದು ರೂಢಿ. ಭಟ್ಟರೂ ಅದನ್ನೇ ಕೇಳುತ್ತಿದ್ದರು. "ಊರಿಗೆ ಮುಟ್ಟಿಸಿ ಮಾರಾಯ್ರೆ. ಅಬ್ಬೆ ಮಾಡಿದ ಗಂಜಿ ಕುಡಿದ್ರೆ ಗುಣ ಆತ್ತ್." ನನಗೂ ಅದೇ ಅನುಕೂಲವಾಗಿತ್ತು. ಸುದ್ದಿ ಹೊರಗೆ ಹೋದರೆ ಹೋಟೆಲು ಮುಗಿದಂತೆ. ಹಾಸಿಗೆ ಸುತ್ತಿ ಕಟ್ಟಿಯೂ ಆಗಿತ್ತು.

ಡಾಕ್ಟರು ಅಟ್ಟ ಹತ್ತಿದರು. ಭಟ್ಟರ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ ಮಡಿಕೆ ಹಾಗೆಯೇ ನಿಂತಿತು, ಮೈಯ ನೀರೆಲ್ಲ ಬತ್ತಿದ ಗುರುತು.

"ರೈಲಿಗೆ ಹಾಕಿದ್ರೆ ಜೋಲಾರಪೇಟೆ ದಾಟೋಲ್ಲ ಇವರು. ಈಗ್ಲೇ ನನ್ನ ಜೊತೆ ಕಳಿಸಿ. ನೀವು ಹೋಟ್ಲು ಮುಚ್ಚಿ."

"ಎಷ್ಟು ದಿನ? ಎರಡು ದಿನ ಸಾಕಾ?"

"ನಾನೇನು ಸಂತೇಲಿ ಕತ್ತರಿಕ್ಕಾಯಿ ಮಾರ್ತಿದೀನಾ, ಕಮ್ಮಿ ಮಾಡಕ್ಕೆ?"

"ಬಾಗಿಲಲ್ಲಿ ಸುಣ್ಣ ಬಳಿಯುವ ಕೆಲಸ ಅಂತ ಬೋರ್ಡು ಹಾಕ್ತೆ."

"ಶರಿ, ಹಾಕಿ. ಆದ್ರೆ ನಿಜವಾಗಿ ಬಳೀಬೇಕು. ಆ ತೊಟ್ಟಿ ಒಡೀಬೇಕು. ಅಲ್ಲಿ ಹಂಡೆ ಇಟ್ಟು ಒಲೆ ಹಚ್ಚಬೇಕು. ಆರೋಗ್ಯ ಇಲಾಖೆಗೆ ನಾನು ಹೇಳೋದು ಹೇಳೇ ಹೇಳ್ತೀನಿ."

ನನ್ನ ವ್ಯಾಪಾರದ ಜೀವನದಲ್ಲಿ ಇಷ್ಟು ಕಡಿಮೆ ಗಿಟ್ಟಿದ ಚೌಕಾಸಿ ಇನ್ನೊಂದಿಲ್ಲ.

ಭಟ್ಟರಿಗೆ ನರದಲ್ಲಿ ಉಪ್ಪುನೀರು ಏರಿಸಿ ಬದುಕಿಸಿದರು. ಹೋಟೆಲು ಬದುಕುವುದು ಅಷ್ಟು ಸುಲಭವಿರಲಿಲ್ಲ. ಸುಣ್ಣದ ಬೋರ್ಡನ್ನು ಯಾರೂ ನಂಬಿರಲಿಲ್ಲ. ಬಾಗಿಲು ತೆರೆದು ಕುಳಿತರೆ ಜನ ಎದುರು ಬದಿಯಲ್ಲೇ ನಡೆದು ಹೋಗುತ್ತಿದ್ದರು. ಹಿಂದೆ ಹಂಡೆ ಸುಮ್ಮನೆ ಕುದಿಯುತ್ತಿತ್ತು. ಹೋಟೆಲನ್ನೇ ಕೊಟ್ಟು ಬಿಡುವುದೆಂದು ಜಾಗದ ಯಜಮಾನರ ಹತ್ತಿರ ಮಾತಾಡಿಯೂ ಬಂದಿದ್ದೆ.

ಆಗ ಒಂದು ಬೆಳಿಗ್ಗೆ, ಟಿಫಿನ್ನಿನ ಹೊತ್ತಿಗೆ ಡಾಕ್ಟರು ಮುಂಬಾಗಿಲಿನಿಂದ ಬಂದರು. ಬೀದಿಗೆ ಕಾಣುವ ಮೊದಲ ಬೆಂಚಿನಲ್ಲಿ ಕುಳಿತರು. ತಮ್ಮ ಲೋಟ ತಂದಿರಲಿಲ್ಲ. ಹಂಡೆಯಿಂದ ಈಗಷ್ಟೇ ತೆಗೆದ ನನ್ನ ಹೋಟೆಲಿನ ಲೋಟದಲ್ಲಿ ಕಾಫಿ ತರಿಸಿಕೊಂಡು, ತುಟಿ ತಾಗಿಸಿ, ಕಚ್ಚಿ ಕುಡಿದರು. ಎಂಜಲಿನ ವಿಷಯದಲ್ಲಿ ಅಷ್ಟು ಮಡಿಯ ಮನುಷ್ಯ... ಹೊರಗೆ ನಿಂತ ನಾಲ್ಕು ಜನ ನೋಡುತ್ತಲೇ ಇದ್ದರು.

"ಏನ್ ಡಾಕ್ಟರ್, ನೀಂಗಳೇ ಇಲ್ಲಿ ಕುಡಿಯೋದಾ?" ಎಂದು ಕೇಳಿದರು ಪಕ್ಕದ ಬಟ್ಟೆ ಅಂಗಡಿಯವರು.

"ನನಗೆ ಪ್ರಾಣದ ಮೇಲೆ ಆಸೆ ಇಲ್ವೇ? ಬನ್ನಿ, ಕೂತ್ಕೊಳಿ."

ಅವರು ಬಂದು ಕುಳಿತರು, ಪಕ್ಕದಲ್ಲೇ. ಡಾಕ್ಟರು ಮರುದಿನವೂ ಬಂದರು. ಬಹಳ ಕಾಲ ಹಾಗೆಯೇ ಬಂದರು; ಎಷ್ಟೋ ಸಲ ಹಿಂದೆ ಹೋಗಿ ಹಂಡೆಯ ಪಕ್ಕವೇ ನಿಂತು ಕಾಫಿ ಕುಡಿದರು.

ಅರವತ್ತರ ದಶಕದಲ್ಲಿ ಅವರು ಬರುವುದು ನಿಂತಿತು. ರಜೆಯಿರಬೇಕು ಎಂದುಕೊಂಡೆ. ಆಸ್ಪತ್ರೆಯ ಕಾವಲುಗಾರ ಹೇಳಿದ ಮೇಲೆ ಮನೆಗೆ ಹೋದೆ. ಎಲ್ಲ ಮುಗಿದು, ಅಂಗಳ ತೊಳೆದಿದ್ದರು. ಎದೆನೋವಿನಿಂದ ಹೋದರಂತೆ, ಯಾವ ಸೋಂಕೂ ಅಲ್ಲ. ಒದ್ದೆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆ. ಏನೂ ಅನಿಸಲಿಲ್ಲ. ವಾಪಸು ಬಂದು ಹಾಲು ಬಂತೇ ಎಂದು ಕೇಳಿದೆ. ಭಟ್ಟರು ಮಾತ್ರ ಆ ದಿನ ಒಲೆಯ ಮುಂದೆ ಮುಖ ತಿರುಗಿಸಿಕೊಂಡೇ ಇದ್ದರು.

ಕೊನೆಗೆ ಹೋಟೆಲು ಬೇರೆಯವರಿಗೆ ಕೊಡುವಾಗ ಹಂಡೆ ಹಳೆ ತಾಮ್ರದ ತೂಕಕ್ಕೆ ಹೋಯಿತು. ಆಗಲೂ ಏನೂ ಅನಿಸಲಿಲ್ಲ. ಈಗ ಈ ಹೊಸದನ್ನು ಬಚ್ಚಲಿನಲ್ಲಿಟ್ಟು ನೀರು ಕಾಯಿಸುತ್ತೇನೆ, ಹಬೆ ಏಳುತ್ತದೆ. ಅಷ್ಟೇ... ಪಕ್ಕದಲ್ಲಿ ಯಾರೂ ಇಲ್ಲ.

ನಿಮಗೆ ಹೇಳುವುದು ಇಷ್ಟು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ಊರಿನ ರೈಲು ಹುಡುಕಬೇಡಿ. ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಹೋಟೆಲಿಗೆ ಹೋದರೆ ಮುಂದಿನ ಕನ್ನಡಿ, ದೀಪ ನೋಡಿ ಕೂರಬೇಡಿ. ಕೈ ತೊಳೆಯುವ ನೆಪದಲ್ಲಿ ಹಿಂದೆ ಹೋಗಿ, ಲೋಟ ತೊಳೆಯುವ ಕಡೆ ಹಬೆ ಏಳುತ್ತಿದೆಯೇ ನೋಡಿ. ಎದ್ದರೆ ಬಂದು ಕೂತುಕೊಳ್ಳಿ. ಆಮೇಲೆ ಎತ್ತಿ ಕುಡಿಯುತ್ತೀರೋ ಕಚ್ಚಿ ಕುಡಿಯುತ್ತೀರೋ, ನಿಮಗೆ ಬಿಟ್ಟದ್ದು.